ಹಾರುವ ಬೇಟೆ ಹಕ್ಕಿಯ ಚಿತ್ರ: ಕ್ಯಾಮೆರಾ ಎಲ್ಲಿ ಎಡವುತ್ತದೆ, ನಾವು ಎಲ್ಲಿ ನಿಲ್ಲಬೇಕು

ಹಾರುತ್ತಿರುವ ಹದ್ದನ್ನೋ ಗರುಡನನ್ನೋ ಕ್ಯಾಮೆರಾದಲ್ಲಿ ಹಿಡಿಯಲು ಹೊಸದಾಗಿ ಹೊರಟವರ ಮೆಮೊರಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಚಿತ್ರಗಳು ತುಂಬಿರುತ್ತವೆ. ಬೆಳ್ಳನೆಯ ಆಕಾಶದ ನಡುವೆ ಕಣ್ಣು ಕೊಕ್ಕು ಯಾವುದೂ ಕಾಣದಂತೆ ಕಪ್ಪಾಗಿರುವ ಹಕ್ಕಿ ಒಂದು ಬಗೆ. ಹಿಂದಿನ ಮರದ ಎಲೆ ಎಲೆಯೂ ಸ್ಪಷ್ಟವಾಗಿದ್ದು ಹಕ್ಕಿ ಮಾತ್ರ ಮಸುಕಾಗಿರುವುದು ಇನ್ನೊಂದು. ಹಕ್ಕಿಯೇ ಇಲ್ಲದ, ಅಥವಾ ಅದರ ಬಾಲದ ತುದಿಯಷ್ಟೇ ಅಂಚಿನಲ್ಲಿ ಉಳಿದ ಬರಿಯ ಆಕಾಶ ಮೂರನೆಯದು. ಮೊದಲನೆಯದು ಬೆಳಕಿನ ತಪ್ಪು, ಎರಡನೆಯದು ಫೋಕಸ್‌ನ ತಪ್ಪು, ಮೂರನೆಯದು ಕೈಯ ತಪ್ಪು ಎಂದು ಬೇರೆ ಬೇರೆಯಾಗಿ ತೋರಿದರೂ ಮೂರಕ್ಕೂ ಮೂಲ ಒಂದೇ: ಚೌಕಟ್ಟಿನಲ್ಲಿ ಹಕ್ಕಿ ಚಿಕ್ಕದು, ಹಿನ್ನೆಲೆ ದೊಡ್ಡದು. ಬೆಳಕು ಅಳೆಯುವ ಮೀಟರ್ ಆಗಲಿ, ಫೋಕಸ್ ಹುಡುಕುವ ವ್ಯವಸ್ಥೆಯಾಗಲಿ, ತನ್ನ ಮುಂದೆ ಹೆಚ್ಚು ಜಾಗ ಹಿಡಿದಿರುವುದನ್ನೇ ವಿಷಯವೆಂದು ಭಾವಿಸುತ್ತದೆ. ಈ ಬಗೆಯ ಛಾಯಾಗ್ರಹಣದಲ್ಲಿ ಕಲಿಯಬೇಕಾದ ಹೆಚ್ಚಿನ ಸಂಗತಿಗಳು, ಕ್ಯಾಮೆರಾ ಹಿನ್ನೆಲೆಯನ್ನು ನಂಬದಂತೆ ನೋಡಿಕೊಳ್ಳುವ ಉಪಾಯಗಳೇ ಆಗಿವೆ.

ಸಮಸ್ಯೆಯ ಗಾತ್ರವನ್ನು ಒಂದಿಷ್ಟು ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ (ಬಿಂಬ ಹಿಡಿಯುವ ಸೆನ್ಸರ್ 36 ಮಿ.ಮೀ. ಅಗಲವಿರುವಂಥದ್ದು) 400 ಮಿ.ಮೀ. ಲೆನ್ಸ್ ಜೋಡಿಸಿದರೆ ಅಡ್ಡಡ್ಡವಾಗಿ ಕಾಣುವುದು ಕೇವಲ 5 ಡಿಗ್ರಿಯಷ್ಟು ಆಕಾಶ, 600 ಮಿ.ಮೀ. ಆದರೆ ಮೂರೂವರೆ ಡಿಗ್ರಿಗಿಂತಲೂ ಕಡಿಮೆ. ರೆಕ್ಕೆ ಬಿಚ್ಚಿದಾಗ ಒಂದೂವರೆ ಮೀಟರ್ ಅಗಲವಿರುವ ಹಕ್ಕಿ 30 ಮೀಟರ್ ದೂರದಲ್ಲಿದ್ದರೆ 400 ಮಿ.ಮೀ. ಲೆನ್ಸ್ ಅದನ್ನು ಸೆನ್ಸರ್‌ನ 36 ಮಿ.ಮೀ. ಅಗಲದಲ್ಲಿ ಸುಮಾರು 20 ಮಿ.ಮೀ.ನಷ್ಟು ದೊಡ್ಡದಾಗಿ ಮೂಡಿಸುತ್ತದೆ. ಅದೇ ಹಕ್ಕಿ 100 ಮೀಟರ್ ಆಚೆಗಿದ್ದರೆ ಬಿಂಬ 6 ಮಿ.ಮೀ.ಗೆ ಇಳಿಯುತ್ತದೆ. ಇನ್ನು ವೇಗದ ಮಾತು. ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿ.ಮೀ. ವೇಗದಲ್ಲಿ 30 ಮೀಟರ್ ದೂರದಿಂದ ಅಡ್ಡ ಹಾದುಹೋಗುವ ಹಕ್ಕಿ, ಅಲುಗಾಡದೆ ಹಿಡಿದಿರುವ ಕ್ಯಾಮೆರಾದ ಆ 5 ಡಿಗ್ರಿಯನ್ನು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ದಾಟಿಬಿಡುತ್ತದೆ. ಹಕ್ಕಿಯನ್ನು ಕಂಡಮೇಲೆ ಕ್ಯಾಮೆರಾ ಎತ್ತಿ, ವ್ಯೂಫೈಂಡರ್‌ನಲ್ಲಿ ಹುಡುಕಿ, ಫೋಕಸ್ ಮಾಡಿ, ಬಟನ್ ಒತ್ತುತ್ತೇನೆ ಎಂದರೆ ಆಗದ ಮಾತು. ಇವುಗಳಲ್ಲಿ ಬಹುಪಾಲು ಕೆಲಸ ಹಕ್ಕಿ ಬರುವ ಮೊದಲೇ ಮುಗಿದಿರಬೇಕು.

ಮೊದಲು ಸೂರ್ಯ ಮತ್ತು ಗಾಳಿ, ಆಮೇಲೆ ಕ್ಯಾಮೆರಾ

ಹೊಸಬರು ಮೊದಲು ಕೇಳುವ ಪ್ರಶ್ನೆ ಯಾವ ಲೆನ್ಸ್ ಎಂಬುದು. ಅದಕ್ಕಿಂತ ದೊಡ್ಡ ಪ್ರಶ್ನೆ ಎಲ್ಲಿ ನಿಲ್ಲಬೇಕು ಎಂಬುದು. ಸಾಧಾರಣ ಲೆನ್ಸಿನೊಂದಿಗೆ ಸರಿಯಾದ ಜಾಗದಲ್ಲಿ ನಿಂತವರಿಗೆ ಸಿಗುವ ಚಿತ್ರ, ಅತ್ಯುತ್ತಮ ಲೆನ್ಸಿನೊಂದಿಗೆ ತಪ್ಪು ಜಾಗದಲ್ಲಿ ನಿಂತವರಿಗೆ ಸಿಗುವುದಿಲ್ಲ.

ಸೂರ್ಯ ಬೆನ್ನ ಹಿಂದಿರಬೇಕು, ಮತ್ತು ಸಾಧ್ಯವಾದಷ್ಟು ಕೆಳಗಿರಬೇಕು. ಬೆಳಗಿನ ಮತ್ತು ಸಂಜೆಯ ಬೆಳಕು ಹೊಂಬಣ್ಣದ್ದಾಗಿರುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಹದ್ದು, ಗಿಡುಗಗಳಂತಹ ಬಹುತೇಕ ಬೇಟೆ ಹಕ್ಕಿಗಳಿಗೆ ಕಣ್ಣಿನ ಮೇಲೆ ಹುಬ್ಬಿನ ಹಾಗೆ ಚಾಚಿಕೊಂಡ ಮೂಳೆಯ ಏಣೊಂದಿದೆ. ಅವುಗಳ ಮುಖಕ್ಕೆ ಸಿಟ್ಟಿನ ಕಳೆ ಬಂದಿರುವುದು ಇದರಿಂದಲೇ. ಸೂರ್ಯ ನೆತ್ತಿಯ ಮೇಲಿದ್ದಾಗ ಈ ಏಣಿನ ನೆರಳು ನೇರವಾಗಿ ಕಣ್ಣಿನ ಮೇಲೆ ಬೀಳುತ್ತದೆ. ಉಳಿದೆಲ್ಲವೂ ಸರಿಯಿದ್ದರೂ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇಲ್ಲದ ಬೇಟೆ ಹಕ್ಕಿಯ ಚಿತ್ರ ಜೀವ ಕಳೆದುಕೊಳ್ಳುತ್ತದೆ. ಜೊತೆಗೆ ನಾವು ನೆಲದಿಂದ ನೋಡುವುದು ಹಕ್ಕಿಯ ಹೊಟ್ಟೆ ಮತ್ತು ರೆಕ್ಕೆಯ ಅಡಿಭಾಗವನ್ನು. ನಡುಹಗಲಿನಲ್ಲಿ ಬೆಳಕು ಬೀಳುವುದು ನಮಗೆ ಕಾಣದ ಬೆನ್ನಿನ ಮೇಲೆ. ಇದಕ್ಕೊಂದು ಅಪವಾದವಿದೆ. ಮರಳು, ಹಿಮ, ಒಣಗಿ ಬಿಳಿಚಿದ ಹುಲ್ಲು ಮುಂತಾದ ತಿಳಿಬಣ್ಣದ ನೆಲದ ಮೇಲೆ ಹಕ್ಕಿ ತಗ್ಗಿನಲ್ಲಿ ಹಾರುವಾಗ ನೆಲದಿಂದ ಪುಟಿದ ಬೆಳಕು ರೆಕ್ಕೆಯ ಅಡಿಭಾಗವನ್ನು ಮೃದುವಾಗಿ ಬೆಳಗುತ್ತದೆ, ಹಾಗಾಗಿ ಅಂಥ ಕಡೆ ಹೊತ್ತು ಏರಿದ ಮೇಲೂ ಕೆಲಸ ಮುಂದುವರಿಸಬಹುದು.

ಗಾಳಿಯ ಸಂಗತಿಯನ್ನು ಹೊಸಬರು ಬಹುತೇಕ ಗಮನಿಸುವುದೇ ಇಲ್ಲ. ಹಕ್ಕಿಗಳು ಗಾಳಿಗೆ ಎದುರಾಗಿ ಮೇಲೇಳುತ್ತವೆ, ಗಾಳಿಗೆ ಎದುರಾಗಿಯೇ ಬಂದು ಕೂರುತ್ತವೆ. ರೆಕ್ಕೆಯ ಮೇಲೆ ಹಾಯುವ ಗಾಳಿಯ ವೇಗ ಹೆಚ್ಚಿದಷ್ಟೂ ಮೈಯನ್ನು ಎತ್ತಿಹಿಡಿಯುವ ಬಲ ಹೆಚ್ಚುತ್ತದೆ ಎಂಬುದೇ ಇದರ ಹಿಂದಿನ ಕಾರಣ. ಎದುರುಗಾಳಿಯಲ್ಲಿ ಹಾರುವ ಹಕ್ಕಿಗೆ ನೆಲದ ಲೆಕ್ಕದಲ್ಲಿ ವೇಗವೂ ಕಡಿಮೆ, ಆದ್ದರಿಂದ ಹಿಂಬಾಲಿಸುವುದು ಸುಲಭ. ಈಗ ಎರಡನ್ನೂ ಕೂಡಿಸಿ ನೋಡಿದರೆ ನಿಲ್ಲಬೇಕಾದ ಜಾಗ ತಾನಾಗಿಯೇ ಗೊತ್ತಾಗುತ್ತದೆ: ಸೂರ್ಯನೂ ಗಾಳಿಯೂ ನಮ್ಮ ಬೆನ್ನ ಕಡೆಯಿಂದಲೇ ಬರುತ್ತಿದ್ದರೆ ಹಕ್ಕಿ ಮುಖದ ಮೇಲೆ ಬೆಳಕು ಹೊತ್ತು ನಮ್ಮತ್ತಲೇ ಬರುತ್ತದೆ. ಬೆಳಿಗ್ಗೆ ಪೂರ್ವದ ಗಾಳಿ, ಸಂಜೆ ಪಶ್ಚಿಮದ ಗಾಳಿ ಬೀಸುವ ದಿನಗಳು ಈ ದೃಷ್ಟಿಯಿಂದ ಅತ್ಯುತ್ತಮ. ಗಾಳಿಯೂ ಬೆಳಕೂ ಎದುರುಬದುರಾದ ದಿನ ಬೆಳಕಿಗೆ ಬೆನ್ನು ಕೊಟ್ಟು ನಿಂತರೆ ಹಕ್ಕಿಗಳ ಬಾಲವೇ ಹೆಚ್ಚು ಕಾಣುತ್ತದೆ; ಅಂಥ ದಿನ ಅಡ್ಡ ಹಾಯುವ ಹಕ್ಕಿಗಳನ್ನು ಕಾಯುವುದು ಲೇಸು.

ಬೆಟ್ಟದ ಅಂಚುಗಳಿಗೆ ಇರುವ ಬೆಲೆಯೂ ಗಾಳಿಯಿಂದ ಬಂದದ್ದೇ. ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೆ ತಿರುಗುವಾಗ ಹದ್ದುಗಳು ಅದರ ಮೇಲೆ ರೆಕ್ಕೆ ಬಡಿಯದೆ ತೇಲುತ್ತವೆ. ಅಂಚಿನಲ್ಲಿ ನಿಂತವರಿಗೆ ಅವು ಕಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ಕೆಳಗಡೆಯೇ ಕಾಣುತ್ತವೆ. ಹಿನ್ನೆಲೆಯಲ್ಲಿ ಬಿಳಿ ಆಕಾಶದ ಬದಲು ದೂರದ ಕಣಿವೆಯಿರುತ್ತದೆ. ಬಯಲಿನಲ್ಲಿ ಹೀಗಿಲ್ಲ. ಅಲ್ಲಿ ಹಕ್ಕಿಗಳು ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಕಾಯುತ್ತವೆ, ಅದು ಎದ್ದೊಡನೆ ಸುತ್ತುತ್ತಾ ಎತ್ತರಕ್ಕೆ ಏರಿಬಿಡುತ್ತವೆ. ಹಕ್ಕಿಗಳನ್ನು ಮೇಲಕ್ಕೆ ಒಯ್ಯುವ ಅದೇ ಬಿಸಿಗಾಳಿ ಚಿತ್ರವನ್ನೂ ಕೆಡಿಸುತ್ತದೆ: ಬಿಸಿ ಮತ್ತು ತಂಪು ಗಾಳಿಯ ಪದರಗಳು ಬೆರೆಯುವಾಗ ಬೆಳಕು ಬಾಗಿ, ದೂರದ ಹಕ್ಕಿಯ ಗರಿಗಳ ವಿವರ ಕಲಸಿಹೋಗುತ್ತದೆ. ಇದನ್ನು ಯಾವ ಲೆನ್ಸೂ ಸರಿಪಡಿಸಲಾರದು, ಯಾವ ತಂತ್ರಾಂಶವೂ ಪೂರ್ತಿಯಾಗಿ ಅಳಿಸಲಾರದು. ಹೊತ್ತು ಏರಿದ ಮೇಲೆ ತೆಗೆದ ಚಿತ್ರಗಳೆಲ್ಲ ಮಸುಕಾಗಿ ಬಂದರೆ ಲೆನ್ಸನ್ನು ದೂರುವ ಮುನ್ನ ಹಕ್ಕಿ ಎಷ್ಟು ದೂರದಲ್ಲಿತ್ತು ಎಂದು ನೆನಪಿಸಿಕೊಳ್ಳಬೇಕು.

ಮೀಟರ್ ನಂಬಿದರೆ ಹಕ್ಕಿ ಕಪ್ಪು

ಕ್ಯಾಮೆರಾದ ಮೀಟರ್ ತನ್ನ ಮುಂದಿರುವುದೆಲ್ಲವೂ ಸರಾಸರಿಯಲ್ಲಿ ನಡುಬೂದು ಬಣ್ಣದ್ದು ಎಂಬ ಊಹೆಯ ಮೇಲೆ ಕೆಲಸ ಮಾಡುತ್ತದೆ. ಚೌಕಟ್ಟಿನ ತುಂಬ ಹೊಳೆಯುವ ಮೋಡವಿದ್ದರೆ ಅದನ್ನೂ ಬೂದುಬಣ್ಣಕ್ಕೆ ಇಳಿಸಲು ಬೆಳಕನ್ನು ತಗ್ಗಿಸುತ್ತದೆ, ಜೊತೆಯಲ್ಲಿ ಹಕ್ಕಿಯೂ ಕಪ್ಪಾಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಬಳಸಿ ಬೆಳಕನ್ನು ಕೈಯಾರೆ ಏರಿಸುವುದು ಮೊದಲ ಪರಿಹಾರ. ಅಚ್ಚ ನೀಲಿ ಆಕಾಶವಿದ್ದು ಸೂರ್ಯ ಬೆನ್ನ ಹಿಂದಿದ್ದರೆ ಬಹಳ ಏರಿಸುವ ಅಗತ್ಯವಿಲ್ಲ, ಮೂರನೇ ಎರಡು ಸ್ಟಾಪ್ ಸಾಕಾಗಬಹುದು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವಷ್ಟು ಅಥವಾ ಅರ್ಧಕ್ಕೆ ಇಳಿಯುವಷ್ಟು ವ್ಯತ್ಯಾಸ). ಬಿಳಿ ಮೋಡದ ದಿನ ಒಂದರಿಂದ ಎರಡು ಸ್ಟಾಪ್‌ವರೆಗೆ ಏರಿಸಬೇಕಾಗುತ್ತದೆ.

ಆದರೆ ಈ ಪರಿಹಾರಕ್ಕೆ ಒಂದು ತೊಡಕಿದೆ. ಆಕಾಶದಲ್ಲಿದ್ದ ಹಕ್ಕಿ ಕೆಳಗಿಳಿದು ಕಪ್ಪು ಕಾಡಿನ ಮುಂದೆ ಹಾಯುವಾಗ ಮೀಟರ್ ಈಗ ಕತ್ತಲನ್ನು ನೋಡಿ ಬೆಳಕನ್ನು ಇನ್ನಷ್ಟು ಏರಿಸುತ್ತದೆ, ನಾವು ಏರಿಸಿಟ್ಟದ್ದೂ ಅದಕ್ಕೆ ಸೇರಿ ಹಕ್ಕಿ ಬಿಳಿಚಿಹೋಗುತ್ತದೆ. ಇಲ್ಲಿ ತಿಳಿಯಬೇಕಾದ ಸಂಗತಿ ಸರಳವಾದರೂ ಬಹಳ ಮುಖ್ಯವಾದದ್ದು: ಹಿನ್ನೆಲೆ ಬದಲಾಯಿತೇ ಹೊರತು ಹಕ್ಕಿಯ ಮೇಲೆ ಬೀಳುತ್ತಿರುವ ಬಿಸಿಲು ಬದಲಾಗಿಲ್ಲ. ಆದ್ದರಿಂದ ಬಿಸಿಲು ಸ್ಥಿರವಾಗಿರುವ ದಿನ ಮ್ಯಾನ್ಯುಯಲ್ ಮೋಡ್‌ನಲ್ಲಿ ಶಟರ್ ವೇಗ (ಬೆಳಕು ಒಳಬರುವ ಅವಧಿ), ಅಪರ್ಚರ್ (ಲೆನ್ಸಿನ ಕಂಡಿಯ ಗಾತ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಮೂರನ್ನೂ ನಾವೇ ನಿಗದಿಮಾಡಿ, ಮೀಟರ್ ಏನು ಹೇಳಿದರೂ ಕಿವಿಗೊಡದಿರುವುದೇ ಸರಿಯಾದ ದಾರಿ. ಮ್ಯಾನ್ಯುಯಲ್ ಎಂದೊಡನೆ ಹೊಸಬರು ಹಿಂಜರಿಯುತ್ತಾರೆ, ಆದರೆ ಹಾರುವ ಹಕ್ಕಿಯ ವಿಷಯದಲ್ಲಿ ಅದು ಅತ್ಯಂತ ನಿಶ್ಚಿಂತೆಯ ಮೋಡ್ ಎಂದೇ ನನ್ನ ಅಭಿಪ್ರಾಯ.

ಆರಂಭಕ್ಕೆ ಒಂದು ಲೆಕ್ಕ ಬೇಕಾದರೆ ಫಿಲ್ಮ್ ಕಾಲದಿಂದ ಬಂದಿರುವ 'ಸನ್ನಿ 16' ಸೂತ್ರ ಇಂದಿಗೂ ನಡೆಯುತ್ತದೆ. ಪೂರ್ಣ ಬಿಸಿಲಿನಲ್ಲಿ ಎಫ್/16 ಅಪರ್ಚರ್ ಇಟ್ಟರೆ ಶಟರ್ ವೇಗ ಐಎಸ್‌ಒ ಸಂಖ್ಯೆಯ ತಲೆಕೆಳಗು ಆಗಿರಬೇಕು ಎನ್ನುತ್ತದೆ ಅದು. ಅಂದರೆ ಐಎಸ್‌ಒ 500ಕ್ಕೆ 1/500 ಸೆಕೆಂಡ್. ಅಪರ್ಚರನ್ನು ಎಫ್/8ಕ್ಕೆ ತೆರೆದರೆ ಎರಡು ಸ್ಟಾಪ್ ಬೆಳಕು ಹೆಚ್ಚುವುದರಿಂದ ಅದೇ ಐಎಸ್‌ಒದಲ್ಲಿ 1/2000 ಸೆಕೆಂಡ್ ಸಿಗುತ್ತದೆ. ಅಲ್ಲಿಂದ ಮುಂದೆ ಹಕ್ಕಿಯ ಬಣ್ಣ ನೋಡಿ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಗರುಡನ ತಲೆ ಮತ್ತು ಎದೆ ಬಿಳಿ, ಉಳಿದ ಮೈ ಕಂದುಗೆಂಪು. ಮೈಗೆ ಸರಿಹೊಂದುವ ಬೆಳಕಿನಲ್ಲಿ ತಲೆಯ ಗರಿಗಳು ವಿವರವೇ ಇಲ್ಲದೆ ಸುಟ್ಟುಹೋಗುವ ಅಪಾಯವಿದೆ. ಇಂಥ ಹಕ್ಕಿಗಳಿಗೆ ಅರ್ಧ ಸ್ಟಾಪಿನಷ್ಟು ಕಡಿಮೆ ಬೆಳಕು ಕೊಟ್ಟು, ಸೆನ್ಸರ್ ಹಿಡಿದ ಮಾಹಿತಿಯನ್ನೆಲ್ಲ ಕಾಪಾಡುವ ರಾ ಫಾರ್ಮ್ಯಾಟಿನಲ್ಲಿ ಚಿತ್ರ ಉಳಿಸಿ, ಕಪ್ಪಾದ ಭಾಗಗಳನ್ನು ಆಮೇಲೆ ಎತ್ತಿಕೊಳ್ಳುವುದು ಜಾಣತನ, ಏಕೆಂದರೆ ನೆರಳಿನಲ್ಲಿ ಅಡಗಿದ ವಿವರವನ್ನು ಸಾಕಷ್ಟು ಮಟ್ಟಿಗೆ ಮರಳಿ ಪಡೆಯಬಹುದು, ಸುಟ್ಟುಹೋದ ಬಿಳಿಯನ್ನು ಪಡೆಯಲಾಗದು. ಪ್ರಯೋಗದ ಒಂದೆರಡು ಚಿತ್ರ ತೆಗೆದು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲು ಬೆಳಕುಗಳ ಹಂಚಿಕೆ ತೋರಿಸುವ ನಕ್ಷೆ) ನೋಡುವ ಅಭ್ಯಾಸ ಇಲ್ಲಿ ಬಹಳ ನೆರವಿಗೆ ಬರುತ್ತದೆ.

ಮೋಡಗಳು ಓಡಾಡುತ್ತಾ ಬಿಸಿಲು ಬಂದು ಹೋಗುವ ದಿನ ಮಾತ್ರ ಇದು ಕಷ್ಟ. ಆಗ ಶಟರ್ ವೇಗ ಮತ್ತು ಅಪರ್ಚರನ್ನು ನಾವು ಹಿಡಿದಿಟ್ಟುಕೊಂಡು ಐಎಸ್‌ಒ ಒಂದನ್ನು ಕ್ಯಾಮೆರಾಕ್ಕೆ ಬಿಡುವುದು ಒಪ್ಪಬಹುದಾದ ರಾಜಿ.

ಶಟರ್ ವೇಗ ಎಷ್ಟು ಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸೆಕೆಂಡಿಗೆ 15 ಮೀಟರ್ ಸಾಗುವ ಹಕ್ಕಿ 1/500 ಸೆಕೆಂಡಿನಲ್ಲಿ 3 ಸೆಂ.ಮೀ. ಮುಂದೆ ಹೋಗಿರುತ್ತದೆ, 1/2000 ಸೆಕೆಂಡಿನಲ್ಲಿ ಮುಕ್ಕಾಲು ಸೆಂ.ಮೀ. ಕ್ಯಾಮೆರಾವನ್ನು ಹಕ್ಕಿಯೊಂದಿಗೆ ಸಮವಾಗಿ ತಿರುಗಿಸಿದರೆ ಮೈಯ ಚಲನೆ ಬಹುಪಾಲು ರದ್ದಾಗುತ್ತದೆ, ಆದರೆ ರೆಕ್ಕೆಯ ತುದಿಯ ಬಡಿತ ಉಳಿಯುತ್ತದೆ. ಆದ್ದರಿಂದ ರೆಕ್ಕೆ ಚಾಚಿ ತೇಲುವ ರಣಹದ್ದಿಗೆ 1/1000 ಸಾಕಾಗುವಲ್ಲಿ, ರೆಕ್ಕೆ ಬಡಿದು ಹಾರುವ ಗಿಡುಗಕ್ಕೆ 1/2500 ಅಥವಾ ಇನ್ನೂ ಹೆಚ್ಚು ಬೇಕಾದೀತು. ಕಲಿಯುವ ಹಂತದಲ್ಲಿ ಕೈಯೇ ಸ್ಥಿರವಾಗಿರದ ಕಾರಣ 1/2000ಕ್ಕಿಂತ ಕೆಳಗೆ ಇಳಿಯದಿರುವುದು ಉತ್ತಮ. ಇದಕ್ಕಾಗಿ ಐಎಸ್‌ಒ 1600 ಅಥವಾ 3200ಕ್ಕೆ ಏರಿದರೂ ಚಿಂತೆಯಿಲ್ಲ; ಚಿತ್ರದಲ್ಲಿ ಕಾಣುವ ಕಾಳುಕಾಳಾದ ನಾಯ್ಸ್ ಅನ್ನು ತಗ್ಗಿಸುವ ತಂತ್ರಾಂಶಗಳಿವೆ, ಅಲುಗಿದ ಹಕ್ಕಿಯನ್ನು ನಿಲ್ಲಿಸುವಂಥವು ಇಲ್ಲ. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅವುಗಳ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ, ಓದುವ ವೇಗ ಕಡಿಮೆಯಿರುವ ಮಾದರಿಗಳಲ್ಲಿ ಜೋರಾಗಿ ಬಡಿಯುವ ರೆಕ್ಕೆ ಸೊಟ್ಟಗಾಗಿ ಮೂಡಬಹುದು. ಅಂಥ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್ ಬಳಸುವುದೇ ಸುರಕ್ಷಿತ.

ಅಪರ್ಚರ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. 15 ಮೀಟರ್ ಹತ್ತಿರದಲ್ಲಿ 400 ಮಿ.ಮೀ. ಲೆನ್ಸನ್ನು ಎಫ್/5.6ರಲ್ಲಿ ಬಳಸಿದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಅರ್ಧ ಮೀಟರ್ ಮಾತ್ರ, ಆದ್ದರಿಂದ ಹಕ್ಕಿ ಹತ್ತಿರ ಬರುವ ಜಾಗಗಳಲ್ಲಿ ಅಪರ್ಚರನ್ನು ಎಫ್/8ಕ್ಕೆ ಕಿರಿದಾಗಿಸಿದರೆ ರೆಕ್ಕೆಗಳೂ ಸ್ಪಷ್ಟವಾಗುವ ಸಾಧ್ಯತೆ ಹೆಚ್ಚು. ದೂರದ ಹಕ್ಕಿಗೆ ಈ ಚಿಂತೆ ಬೇಕಿಲ್ಲ.

ಫೋಕಸ್ ಮತ್ತು ಕೈ

ಒಮ್ಮೆ ಫೋಕಸ್ ಮಾಡಿ ನಿಂತುಬಿಡುವ ಮೋಡ್ ಇಲ್ಲಿ ಕೆಲಸಕ್ಕೆ ಬಾರದು. ಹಕ್ಕಿಯ ದೂರ ಬದಲಾದಂತೆ ಫೋಕಸ್ ಕೂಡ ಬದಲಾಗುತ್ತಲೇ ಇರಬೇಕು. ಈ ನಿರಂತರ ಫೋಕಸ್ ಮೋಡನ್ನು ಕ್ಯಾನನ್ 'ಸರ್ವೊ' ಎಂದೂ, ನಿಕಾನ್ ಮತ್ತು ಸೋನಿ 'ಎಎಫ್-ಸಿ' ಎಂದೂ ಕರೆಯುತ್ತವೆ. ಇತ್ತೀಚಿನ ಹಲವು ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯನ್ನೂ ಅದರ ಕಣ್ಣನ್ನೂ ತಾವೇ ಗುರುತಿಸಿ ಹಿಂಬಾಲಿಸುತ್ತವೆ, ಮತ್ತು ಇದು ಹೊಸಬರಿಗೆ ದೊಡ್ಡ ವರವೇ ಸರಿ. ಆದರೂ ಹಕ್ಕಿ ಚೌಕಟ್ಟಿನಲ್ಲಿ ತೀರ ಚಿಕ್ಕದಾಗಿದ್ದಾಗ ಅಥವಾ ಕೊಂಬೆಗಳ ಹಿಂದೆ ಹಾಯುವಾಗ ಆ ಬುದ್ಧಿವಂತಿಕೆಯೂ ಕೈಕೊಡುತ್ತದೆ, ಆದ್ದರಿಂದ ಫೋಕಸ್ ವಲಯವನ್ನು ಆರಿಸುವ ವಿವೇಕ ಯಾರಿಗೂ ತಪ್ಪಿದ್ದಲ್ಲ. ಹಿನ್ನೆಲೆ ಬರಿಯ ಆಕಾಶವಾಗಿದ್ದರೆ ದೊಡ್ಡ ವಲಯವನ್ನೇ ಇಡಬಹುದು, ಏಕೆಂದರೆ ಅಲ್ಲಿ ಕ್ಯಾಮೆರಾ ಹಿಡಿದುಕೊಳ್ಳಲು ಹಕ್ಕಿಯನ್ನು ಬಿಟ್ಟು ಬೇರೇನೂ ಇಲ್ಲ. ಹಿಂದೆ ಮರವೋ ಬಂಡೆಯೋ ಇದ್ದರೆ ವಲಯವನ್ನು ಚಿಕ್ಕದು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಗೆರೆ ಬಣ್ಣಗಳು ಎದ್ದು ಕಾಣುವ ಹಿನ್ನೆಲೆಯೇ ಗೆಲ್ಲುತ್ತದೆ.

ಫೋಕಸ್ ತಡವಾಗುವುದಕ್ಕೆ ಬಹಳಷ್ಟು ಸಲ ಕಾರಣವಾಗುವುದು ಲೆನ್ಸ್ ಮೊದಲೇ ಎಲ್ಲಿ ನಿಂತಿತ್ತು ಎಂಬುದು. ಹತ್ತಿರದ ಪೊದೆಯ ಮೇಲೆ ಫೋಕಸ್ ಆಗಿ ನಿಂತ ಲೆನ್ಸಿನ ಮೂಲಕ ದೂರದ ಹಕ್ಕಿ ಕಾಣುವುದೇ ಇಲ್ಲ, ಕರಗಿದ ಕಲೆಯಂತಾಗಿ ಮಾಯವಾಗಿರುತ್ತದೆ. ಆದ್ದರಿಂದ ಹಕ್ಕಿ ಬರಬಹುದಾದಷ್ಟೇ ದೂರದಲ್ಲಿರುವ ಮರದ ತುದಿಯ ಮೇಲೆ ಆಗಾಗ ಫೋಕಸ್ ಮಾಡಿಟ್ಟುಕೊಳ್ಳಬೇಕು. ಉದ್ದದ ಲೆನ್ಸುಗಳ ಮೈಮೇಲಿರುವ ಫೋಕಸ್ ಲಿಮಿಟರ್ ಗುಂಡಿ ಹತ್ತಿರದ ವಲಯವನ್ನು ಹುಡುಕಾಟದಿಂದಲೇ ತೆಗೆದುಹಾಕುತ್ತದೆ. ಅದನ್ನು ಬಳಸದವರೇ ಹೆಚ್ಚು.

ಹಕ್ಕಿಯನ್ನು ವ್ಯೂಫೈಂಡರಿಗೆ ತರುವ ಕೌಶಲವನ್ನು ಯಾವ ಕ್ಯಾಮೆರಾವೂ ಕೊಡಲಾರದು, ಅದು ಕೈ ಕುದುರಿದಂತೆ ಬರಬೇಕಾದದ್ದು. ಕ್ಯಾಮೆರಾದೊಳಗಿಂದ ಹಕ್ಕಿಯನ್ನು ಹುಡುಕಬಾರದು. ಬರಿಗಣ್ಣಿನಿಂದ ಹಕ್ಕಿಯನ್ನೇ ದಿಟ್ಟಿಸುತ್ತಾ, ದೃಷ್ಟಿ ಕದಲಿಸದೆ, ಕಣ್ಣಿಗೂ ಹಕ್ಕಿಗೂ ನಡುವೆ ಕ್ಯಾಮೆರಾವನ್ನು ಎತ್ತಿ ತರಬೇಕು. ಝೂಮ್ ಲೆನ್ಸ್ ಇದ್ದವರು ಮೊದಲು 200 ಮಿ.ಮೀ. ಸುಮಾರಿನಲ್ಲಿ ಹಕ್ಕಿಯನ್ನು ಹಿಡಿದು ಆಮೇಲೆ ಹತ್ತಿರಕ್ಕೆ ಎಳೆಯಬಹುದು. 100-400 ಅಥವಾ 150-600 ಮಿ.ಮೀ. ಝೂಮ್‌ಗಳು ಆರಂಭಕ್ಕೆ ಹೆಚ್ಚು ಅನುಕೂಲವೆನ್ನಲು ಇದೇ ಕಾರಣ. ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟು, ಹಕ್ಕಿ ಹಾದುಹೋಗಲಿರುವ ದಾರಿಯ ನಡುಭಾಗಕ್ಕೆ ಮುಖ ಮಾಡಿ, ಎಡಗೈ ಲೆನ್ಸಿನ ಅಡಿಯಲ್ಲಿ, ಮೊಣಕೈಗಳು ಪಕ್ಕೆಗೆ ತಾಗಿಕೊಂಡಿರುವಂತೆ ನಿಂತು, ತೋಳುಗಳನ್ನಲ್ಲ, ಸೊಂಟದಿಂದ ಮೇಲಿನ ಇಡೀ ಮೈಯನ್ನು ತಿರುಗಿಸಬೇಕು. ಬಟನ್ ಬಿಟ್ಟ ಮೇಲೂ ಕ್ಷಣಕಾಲ ಹಕ್ಕಿಯನ್ನು ಹಿಂಬಾಲಿಸುತ್ತಲೇ ಇದ್ದರೆ ಕೊನೆಯ ಚಿತ್ರಗಳು ಅಲುಗುವುದಿಲ್ಲ. 150-600 ಮಿ.ಮೀ. ಝೂಮ್‌ಗಳು ಸುಮಾರು ಎರಡು ಕಿಲೋ ತೂಗುತ್ತವೆ, ಆದ್ದರಿಂದ ಕಾಯುವ ಹೊತ್ತಿನಲ್ಲಿ ಅದನ್ನು ಎತ್ತಿ ಹಿಡಿದಿರದೆ ಕೈಗೆ ವಿಶ್ರಾಂತಿ ಕೊಡುವುದೂ ತಂತ್ರದ ಒಂದು ಭಾಗವೇ.

ಕೊಕ್ಕರೆ, ಕಾಗೆ, ಪಾರಿವಾಳಗಳನ್ನು ಹಿಂಬಾಲಿಸಿ ಅಭ್ಯಾಸ ಮಾಡುವುದನ್ನು ಯಾರೂ ಕೀಳೆಂದು ಭಾವಿಸಬೇಕಿಲ್ಲ. ಬೇಟೆ ಹಕ್ಕಿ ದಿನಕ್ಕೊಮ್ಮೆ ಬಂದರೆ ಇವು ದಿನವಿಡೀ ಇರುತ್ತವೆ.

ಸತತವಾಗಿ ಚಿತ್ರ ತೆಗೆಯುವ ಬರ್ಸ್ಟ್ ಮೋಡ್ ಅಗತ್ಯವೇ, ಆದರೆ ಬಟನ್ ಒತ್ತಿ ಹಿಡಿದೇ ಇರುವುದು ಬೇಡ. ಚಿತ್ರಗಳು ಕಾರ್ಡಿಗೆ ಹೋಗುವ ಮುನ್ನ ತಂಗುವ ಬಫರ್ ತುಂಬಿ ಕ್ಯಾಮೆರಾ ನಿಲ್ಲುವುದು ಸಾಮಾನ್ಯವಾಗಿ ಹಕ್ಕಿ ತಿರುಗಿ ಉಗುರು ಚಾಚುವ ಹೊತ್ತಿಗೇ. ಹಾರುವ ಹಕ್ಕಿಯನ್ನು ಸರಣಿ ಚಿತ್ರಗಳಲ್ಲಿ ಹಿಡಿಯುವ ಆಸೆ ಹೊಸದೇನಲ್ಲ: ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್-ಜೂಲ್ ಮಾರೆ 1882ರಲ್ಲಿಯೇ ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ಮಾಡಿ ಸೆಕೆಂಡಿಗೆ 12 ಚಿತ್ರಗಳಂತೆ ಹಕ್ಕಿಗಳ ಹಾರಾಟವನ್ನು ಸೆರೆಹಿಡಿದಿದ್ದನು. ಇಂದಿನ ಅನೇಕ ಕ್ಯಾಮೆರಾಗಳ ವೇಗ ಅದಕ್ಕಿಂತ ಅಷ್ಟೇನೂ ಹೆಚ್ಚಲ್ಲ ಎಂಬುದು ವೇಗದ ಅಂಕಿಗಳ ಹಿಂದೆ ಬಿದ್ದವರು ನೆನೆಯತಕ್ಕ ಮಾತು.

ಹಾರಾಟದ ಬಗೆಯನ್ನು ಓದುವುದು

ಬೇಟೆ ಹಕ್ಕಿಗಳೆಲ್ಲ ಒಂದೇ ರೀತಿ ಹಾರುವುದಿಲ್ಲ, ಮತ್ತು ಕಲಿಯುವವರಿಗೆ ಅವೆಲ್ಲ ಸಮಾನವಾಗಿ ಒಲಿಯುವುದಿಲ್ಲ. ಅತ್ಯಂತ ಸುಲಭವಾದದ್ದು ಕೆಸ್ಟ್ರೆಲ್. ಅದು ಗಾಳಿಗೆ ಮುಖಮಾಡಿ ರೆಕ್ಕೆ ಬಡಿಯುತ್ತಾ ಆಕಾಶದಲ್ಲಿ ಒಂದೇ ಕಡೆ ನಿಲ್ಲುತ್ತದೆ. ಮೈ ಎಷ್ಟು ಅಲುಗಿದರೂ ನೆಲದ ಇಲಿ ಹುಳುಗಳ ಮೇಲೆ ನೆಟ್ಟ ತಲೆ ಮಾತ್ರ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಕಪ್ಪುರೆಕ್ಕೆಯ ಬಿಳಿ ಹದ್ದಿಗೂ ಇದೇ ಅಭ್ಯಾಸವಿದೆ. ಚೌಕಟ್ಟಿನಲ್ಲಿಯೇ ನಿಲ್ಲುವ ಹಕ್ಕಿಯ ಮೇಲೆ ಫೋಕಸ್ ಮತ್ತು ಬೆಳಕಿನ ಲೆಕ್ಕವನ್ನು ನಿಧಾನವಾಗಿ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ನಂತರ ಬರುವುವು ಅಗಲ ರೆಕ್ಕೆಯ ಹದ್ದುಗಳು ಮತ್ತು ರಣಹದ್ದುಗಳು. ಇವು ಬಿಸಿಗಾಳಿಯ ಮೇಲೆ ಸುತ್ತುವಾಗ ಪ್ರತಿ ಸುತ್ತೂ ಹೆಚ್ಚುಕಡಿಮೆ ಹಿಂದಿನ ಸುತ್ತಿನಂತೆಯೇ ಇರುವುದರಿಂದ ಮುಂದೇನಾಗುತ್ತದೆ ಎಂದು ಊಹಿಸಬಹುದು. ಸುತ್ತುವ ಹಕ್ಕಿ ವೃತ್ತದ ಒಳಕ್ಕೆ ವಾಲಿರುತ್ತದೆ: ಅದರ ಬೆನ್ನು ವೃತ್ತದ ನಡುವಿನ ಕಡೆಗೆ, ಹೊಟ್ಟೆ ಹೊರಗಡೆಗೆ ತಿರುಗಿರುತ್ತದೆ. ಹಾಗಾಗಿ ಹಕ್ಕಿ ತೀರ ಎತ್ತರದಲ್ಲಿಲ್ಲದಿದ್ದರೆ, ಅದು ವೃತ್ತದ ಆಚೆಯ ಭಾಗದಲ್ಲಿರುವಾಗ ನಮಗೆ ಬೆನ್ನು ಮತ್ತು ರೆಕ್ಕೆಯ ಮೇಲ್ಭಾಗ ಕಾಣುತ್ತದೆ, ಈಚೆಯ ಭಾಗಕ್ಕೆ ಬಂದಾಗ ಅಡಿಭಾಗ ಕಾಣುತ್ತದೆ. ಸೂರ್ಯ ಬೆನ್ನ ಹಿಂದೆ ಕೆಳಗಿದ್ದರೆ ಈ ಎರಡು ಕ್ಷಣಗಳಲ್ಲೂ ರೆಕ್ಕೆ ಬೆಳಗುತ್ತದೆ, ನಡುವಿನದೆಲ್ಲ ಸಾಧಾರಣ. ಇಡೀ ಸುತ್ತನ್ನು ಚಿತ್ರಗಳಿಂದ ತುಂಬದೆ ಆ ವಾಲಿಕೆಯ ಕ್ಷಣಕ್ಕೆ ಕಾಯುವವರು ನೂರರ ಬದಲು ಹತ್ತು ಚಿತ್ರಗಳಲ್ಲಿ ಕೆಲಸ ಮುಗಿಸುತ್ತಾರೆ.

ಹ್ಯಾರಿಯರ್‌ಗಳು ಹುಲ್ಲುಗಾವಲಿನ ಮೇಲೆ ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ಹಿಡಿದು ತಗ್ಗಿನಲ್ಲಿ ತೇಲುತ್ತವೆ. ಹಿನ್ನೆಲೆಯಲ್ಲಿ ಸದಾ ಹುಲ್ಲು ಇರುವುದರಿಂದ ಫೋಕಸ್‌ಗೆ ಇದು ಕಠಿಣ ಪರೀಕ್ಷೆ. ಮೀನು ಹಿಡಿಯುವ ಆಸ್ಪ್ರೇ ನೀರಿನ ಮೇಲೆ ಕ್ಷಣ ತಡೆದು, ಕಾಲು ಮುಂದೆ ಚಾಚಿ ಧುಮುಕುತ್ತದೆ. ಆ ತಡೆಯುವಿಕೆಯೇ ನಮಗೆ ಸಿಗುವ ಸೂಚನೆ. ಕಾಡಿನ ಗಿಡುಗಗಳಿಗೆ ರೆಕ್ಕೆ ಗಿಡ್ಡ, ಬಾಲ ಉದ್ದ, ಮರಗಳ ನಡುವೆ ಫಕ್ಕನೆ ತಿರುಗಿ ಮಾಯವಾಗುವುದೇ ಅವುಗಳ ವೈಖರಿ. ಹೊಸಬರು ಇವನ್ನು ಸದ್ಯಕ್ಕೆ ಬಿಟ್ಟುಬಿಡಬಹುದು. ಧುಮುಕುವಾಗ ಗಂಟೆಗೆ 300 ಕಿ.ಮೀ.ಗೂ ಹೆಚ್ಚು ವೇಗ ಮುಟ್ಟುವ ಪೆರೆಗ್ರಿನ್ ಫಾಲ್ಕನ್ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಕೂತಿರುವ ಹಕ್ಕಿ ಹಾರುವ ಕ್ಷಣವನ್ನು ಹಿಡಿಯಬೇಕೆಂದರೆ ಅದರ ಮೈಯನ್ನು ಗಮನಿಸುತ್ತಿರಬೇಕು. ಹಾರುವ ಮುನ್ನ ಬಹಳ ಸಲ ಅದು ಹಿಕ್ಕೆ ಹಾಕುತ್ತದೆ, ಮುಂದಕ್ಕೆ ಬಾಗುತ್ತದೆ, ಮೈಗೆ ಒತ್ತಿಹಿಡಿದ ರೆಕ್ಕೆಗಳನ್ನು ಸಡಿಲಿಸುತ್ತದೆ. ಆಗ ಝೂಮನ್ನು ಸ್ವಲ್ಪ ಹಿಂದಕ್ಕೆ ತಂದು ರೆಕ್ಕೆ ಬಿಚ್ಚಲು ಜಾಗ ಬಿಟ್ಟುಕೊಳ್ಳಬೇಕು. ಕೂತ ಹಕ್ಕಿಯಿಂದ ತುಂಬಿದ ಚೌಕಟ್ಟಿನಲ್ಲಿ ಹಾರುವ ಹಕ್ಕಿಯ ರೆಕ್ಕೆ ಹಿಡಿಸುವುದಿಲ್ಲ. ಗಾಳಿಗೆ ಎದುರಾಗಿ ಏಳುತ್ತದೆ ಎಂಬುದು ಗೊತ್ತಿರುವುದರಿಂದ ಯಾವ ಬದಿಗೆ ಜಾಗ ಬಿಡಬೇಕೆಂಬುದೂ ಗೊತ್ತಿರುತ್ತದೆ.

ಹಾರಲೆಂದು ಕಲ್ಲೆಸೆಯುವುದು, ಕೂಗಿ ಎಬ್ಬಿಸುವುದು, ಜೀವಂತ ಇಲಿಯನ್ನು ಆಮಿಷವಾಗಿ ಒಡ್ಡುವುದು, ಡ್ರೋನ್ ಹಾರಿಸುವುದು ಯಾವುದೂ ಸಲ್ಲದು. ಬಿಸಿಗಾಳಿ ಏಳುವ ಮುನ್ನ ಬಲವಂತವಾಗಿ ಮೇಲೇಳುವ ದೊಡ್ಡ ಹಕ್ಕಿ ಪ್ರತಿ ಮಾರಿಗೂ ರೆಕ್ಕೆ ಬಡಿಯಬೇಕಾಗುತ್ತದೆ, ಮತ್ತು ಆ ಶಕ್ತಿಯನ್ನು ಅದು ಬೇಟೆಯಿಂದಲೇ ಮತ್ತೆ ಗಳಿಸಬೇಕು. ಗೂಡಿನ ಹತ್ತಿರ ಹೋಗುವುದಂತೂ ಎಲ್ಲಕ್ಕಿಂತ ಕೆಟ್ಟದ್ದು: ತಾಯಿ ಹಕ್ಕಿ ಎದ್ದು ಹೋದಷ್ಟು ಹೊತ್ತು ಮೊಟ್ಟೆಗಳು ತಣಿಯುತ್ತವೆ ಅಥವಾ ಬಿಸಿಲಿಗೆ ಕಾಯುತ್ತವೆ, ಮರಿಗಳು ಕಾಗೆಗಳ ಪಾಲಾಗುತ್ತವೆ. ಅಪಾಯ ನಮಗೂ ಇದೆ. ಬ್ರಿಟನ್ನಿನ ಪ್ರಸಿದ್ಧ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯೊಂದರ ದಾಳಿಯಲ್ಲಿ ಒಂದು ಕಣ್ಣನ್ನೇ ಕಳೆದುಕೊಂಡರು. ಹಕ್ಕಿ ನಮ್ಮ ತಲೆಯ ಮೇಲೆ ಸುತ್ತುತ್ತಾ ಒಂದೇ ಸಮನೆ ಕೂಗುತ್ತಿದ್ದರೆ ಅದು ಚಿತ್ರಕ್ಕೆ ಒದಗಿಬಂದ ಅದೃಷ್ಟವಲ್ಲ, ಗೂಡು ಹತ್ತಿರದಲ್ಲಿದೆ ಎಂಬ ಎಚ್ಚರಿಕೆ. ಕೂಡಲೇ ಹಿಂದೆ ಸರಿಯಬೇಕು. ಸಾಕಿ ಪಳಗಿಸಿದ ಹಕ್ಕಿಗಳ ಹಾರಾಟ ಪ್ರದರ್ಶನಗಳಲ್ಲಿ ಅಭ್ಯಾಸ ಮಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಕಾಲಿನ ಪಟ್ಟಿಯನ್ನು ತಂತ್ರಾಂಶದಲ್ಲಿ ಅಳಿಸಿ ಕಾಡಿನ ಹಕ್ಕಿಯೆಂದು ತೋರಿಸುವುದು ನೋಡುಗರಿಗೆ ಮಾಡುವ ಮೋಸ.

ಮನೆಗೆ ಬಂದು ಚಿತ್ರಗಳನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಕಣ್ಣು. ಪೂರ್ತಿ ಹಿಗ್ಗಿಸಿ ನೋಡಿದಾಗ ಕಣ್ಣು ಸ್ಪಷ್ಟವಿದ್ದರೆ ರೆಕ್ಕೆಯ ತುದಿ ಸ್ವಲ್ಪ ಅಲುಗಿದ್ದರೂ ಚಿತ್ರ ನಿಲ್ಲುತ್ತದೆ. ಸರಣಿಯಲ್ಲಿ ಒಂದೆರಡು ಚಿತ್ರಗಳಲ್ಲಿ ಕಣ್ಣು ಹಾಲುಬಿಳುಪಾಗಿ ಕಂಡರೆ ಅದು ಫೋಕಸ್ ದೋಷವಲ್ಲ. ಹಕ್ಕಿಗಳಿಗಿರುವ ಮೂರನೆಯ ರೆಪ್ಪೆ ಆ ಕ್ಷಣದಲ್ಲಿ ಕಣ್ಣಿನ ಮೇಲೆ ಹಾದುಹೋಗಿರುತ್ತದೆ. ಚಿತ್ರವನ್ನು ಕತ್ತರಿಸಿ ಹಕ್ಕಿಯನ್ನು ದೊಡ್ಡದು ಮಾಡುವುದಕ್ಕೆ ಮಿತಿಯಿದೆ: ಅಗಲ ಎತ್ತರಗಳನ್ನು ಅರ್ಧಕ್ಕೆ ಇಳಿಸಿದರೆ 24 ಮೆಗಾಪಿಕ್ಸೆಲ್‌ನ ಚಿತ್ರದಲ್ಲಿ ಉಳಿಯುವುದು 6 ಮೆಗಾಪಿಕ್ಸೆಲ್ ಮಾತ್ರ. ಹಾಗೆಂದು ದೂರದ, ಮಸುಕಾದ ಚಿತ್ರಗಳನ್ನೆಲ್ಲ ಅಂದೇ ಅಳಿಸಬೇಕಿಲ್ಲ. ಬೇಟೆ ಹಕ್ಕಿಗಳ ಜಾತಿಯನ್ನು ಗುರುತಿಸುವುದು ರೆಕ್ಕೆಯ ಅಡಿಭಾಗದ ಪಟ್ಟೆಗಳಿಂದ, ಬಾಲದ ಆಕಾರದಿಂದ, ರೆಕ್ಕೆಯ ತುದಿಯಲ್ಲಿ ಬೆರಳುಗಳಂತೆ ಬಿಡಿಬಿಡಿಯಾಗಿ ಚಾಚುವ ಗರಿಗಳ ಎಣಿಕೆಯಿಂದ. ಇವು ಮಂಕಾದ ಚಿತ್ರದಲ್ಲೂ ಕಾಣುತ್ತವೆ. ಜಾತಿ ಯಾವುದೆಂದು ಖಚಿತವಾಗುವವರೆಗೆ ಅವನ್ನು ಬೇರೊಂದು ಕಡತದಲ್ಲಿ ಇಟ್ಟುಕೊಂಡು, ಆಮೇಲೆ ಅಳಿಸಬಹುದು.